ಅಂಬಿಗನ ಹೆಂಡತಿ ಕಾದ ದಿನ

“ಗುರುಗಳೇ, ಕೋರ್ಟಿನ ಬರಹದಲ್ಲಿ ಲ್ಯಾಟಿನ್ ಪದಗಳು ಯಾಕೆ? ನಮ್ಮ ಮಾತಿನಲ್ಲಿ ಹೇಳಿದರೆ ತೂಕ ಕಡಿಮೆಯಾಗುತ್ತದೆಯೇ?” ಎಂದು ಶಿಷ್ಯ ಕೇಳಿದ. ಅವನು ಹೊಸದಾಗಿ ಕರಿಕೋಟು ತೊಟ್ಟ ವಕೀಲ. ಗುರುಗಳು ಕಾನೂನು ಕಲಿಸುತ್ತಲೇ ಮುದುಕರಾದವರು. ಅವರು ಒಂದು ಕತೆ ಹೇಳಿದರು.

ಒಬ್ಬ ಅಂಬಿಗನಿದ್ದ. ತುಂಬಿದ ಹೊಳೆಗೆ ದೋಣಿ ಇಳಿಸಲಾರೆ ಎಂದ. ಸಾಹುಕಾರನೊಬ್ಬ ಗದರಿಸಿ, ತನ್ನ ಅಳಿಯನನ್ನು ಹತ್ತಿಸಿ, ದೋಣಿ ಬಿಡಿಸಿದ. ನಡುಹೊಳೆಯಲ್ಲಿ ದೋಣಿ ಮಗುಚಿತು. ಸಾಹುಕಾರನ ಅಳಿಯ ಮುಳುಗಿ ಸತ್ತ. ಅಂಬಿಗ ಜೈಲು ಸೇರಿದ.

ಅವನ ಹೆಂಡತಿ ಒಬ್ಬ ವಕೀಲನನ್ನು ಹಿಡಿದಳು. ವಕೀಲ ಜಾಮೀನಿಗೆ ಅರ್ಜಿ ಹಾಕಿದ. ಮೊಕದ್ದಮೆಯ ಕಡತ ಆಗ ಮೇಲಿನ ಕೋರ್ಟಿಗೆ ಹೋಗಿತ್ತು. ಅದು ಮರಳಿದ ಮೇಲೆ ಮತ್ತೆ ಬಂದು ಕೇಳಿಕೊಳ್ಳಿ ಎಂದು ನ್ಯಾಯಾಧೀಶರು ದಿನ ಗೊತ್ತುಮಾಡದೆ ಅರ್ಜಿಯನ್ನು ಮುಂದಕ್ಕೆ ಹಾಕಿದರು. ಹಾಗೆ ದಿನವಿಲ್ಲದೆ ಮುಂದಕ್ಕೆ ಹಾಕುವುದನ್ನು ಕೋರ್ಟಿನವರು ಲ್ಯಾಟಿನ್‌ನಲ್ಲಿ ‘ಸೈನೆ ಡೈ’ ಎನ್ನುತ್ತಾರೆ.

ಹೆಂಗಸು ಜಗಲಿಯಲ್ಲಿ ಕಾಯುತ್ತಿದ್ದಳು. ವಕೀಲ ಹೊರಗೆ ಬಂದು, “ಸೈನೆ ಡೈಗೆ ಹೋಯಿತಮ್ಮ” ಎಂದು ಹೇಳಿ ನಡೆದುಬಿಟ್ಟ.

ಅದು ಯಾವುದೋ ದಿನದ ಹೆಸರೆಂದು ಅವಳು ತಿಳಿದಳು. ಜೈಲಿಗೆ ಹೋಗಿ ಗಂಡನಿಗೂ ಹೇಳಿದಳು. ಅವನು ಕಂಬಿಯ ಹಿಂದೆ ನಿಂತು ಆ ಹೆಸರನ್ನು ಬಾಯಿಪಾಠ ಮಾಡಿಕೊಂಡ. ಅವಳು ಮನೆಗೆ ಬಂದು ಅವನ ಅಂಗಿ ಒಗೆದು ಮಡಿಸಿಟ್ಟಳು.

ಕಡತ ಬೇಗನೆ ಮರಳಿತು. ಕೇಳಿಕೊಳ್ಳಲು ಯಾರೂ ಹೋಗಲಿಲ್ಲ. ಬೇಸಗೆಯಲ್ಲಿ ಜೈಲಿಗೆ ವಾಂತಿಭೇದಿ ಹೊಕ್ಕಿತು. ಅಂಬಿಗ ಸತ್ತ.

ಹೆಣ ಬಿಡಿಸಿಕೊಳ್ಳಲು ಕಾಗದ ಬರೆಸಬೇಕೆಂದು ಅವಳು ವಕೀಲನ ಮನೆಗೆ ಹೋದಳು.

“ಇಷ್ಟು ದಿನ ಎಲ್ಲಿ ಹೋಗಿದ್ದೆ? ಒಂದು ಮಾತು ನೆನಪು ಮಾಡಿದ್ದರೆ ಅವತ್ತೇ ಕೋರ್ಟಿನಲ್ಲಿ ಕೇಳಿಕೊಳ್ಳುತ್ತಿದ್ದೆ” ಎಂದ ವಕೀಲ.

“ನೀವೇ ಸೈನೆ ಡೈಗೆ ಅಂದಿದ್ರಲ್ಲ ಸ್ವಾಮಿ. ಅದು ಯಾವತ್ತು ಬರ್ತದೆ ಅಂತ ಕ್ಯಾಲೆಂಡರ್ ಇದ್ದೋರ ಮನೆಗೆಲ್ಲ ಹೋದೆ. ಭಟ್ರು ಪಂಚಾಂಗ ತೆಗೆದು ನೋಡಿದ್ರು, ಅದರಲ್ಲೂ ಇರಲಿಲ್ಲ. ಕೋರ್ಟಿನೋರ ದಿನ, ನಮಗೆಲ್ಲಿ ಗೊತ್ತಾಗಬೇಕು, ಬಂದಾಗ ಬರಲಿ ಅಂತ ಕಾದೆ” ಎಂದಳು ಅವಳು.

ಗುರುಗಳು ಅಷ್ಟಕ್ಕೆ ನಿಲ್ಲಿಸಿದರು. ಶಿಷ್ಯ ಕೇಳಿದ: “ಆ ವಕೀಲನಿಗೆ ಪದದ ಅರ್ಥ ಗೊತ್ತಿರಲಿಲ್ಲವೇ?”

“ಗೊತ್ತಿತ್ತು; ಅರ್ಥ ಹೇಳಿದರೆ ಅವಳು ದಿನಾ ಬಾಗಿಲಿಗೆ ಬರುತ್ತಾಳೆ ಎಂಬುದೂ ಗೊತ್ತಿತ್ತು” ಎಂದರು ಗುರುಗಳು.