ತೆಂಗಿನ ಎಳೆ ಗರಿ ಮುಚ್ಚಿಕೊಂಡು ಬರುವುದೇಕೆ

ಭೂಮಿ ಇನ್ನೂ ಹಸಿ ಹಸಿಯಾಗಿದ್ದ ಕಾಲ. ಆಗ ತೆಂಗು ಇದ್ದದ್ದು ಕಡಲ ದಂಡೆಯಲ್ಲಿ ಮಾತ್ರ.

ದೂರದ ಕೆಮ್ಮಣ್ಣಿನ ದಿಣ್ಣೆಯ ಮೇಲೆ ಕೆಂಚವ್ವ ಎಂಬ ಹೆಂಗಸು, ಅವಳ ಪುಟ್ಟ ಮಗಳು ಸಣ್ಣಿ ಇದ್ದರು. ಒಮ್ಮೆ ಕಡಲು ನೋಡಲು ಹೋದ ಕೆಂಚವ್ವ, ಮರಳಲ್ಲಿ ಮೊಳೆತು ಬಿದ್ದಿದ್ದ ತೆಂಗಿನಕಾಯಿಯೊಂದನ್ನು ಯಾರನ್ನೂ ಕೇಳದೆ ಸೆರಗಿನಲ್ಲಿ ಸುತ್ತಿ ತಂದಳು. ಅಂಗಳದಲ್ಲಿ ನೆಟ್ಟಳು. ನೀರು ಹಾಕಿದಳು, ಗೊಬ್ಬರ ಹಾಕಿದಳು.

ಗರಿ ಬಂತು. ಆದರೆ ಬಿಚ್ಚಲಿಲ್ಲ. ಇನ್ನೊಂದು ಬಂತು. ಅದೂ ಬಿಚ್ಚಲಿಲ್ಲ, ತುದಿ ಕೊಕ್ಕೆಯ ಹಾಗೆ ಬಾಗಿ ಪಡುವಣಕ್ಕೆ ತಿರುಗಿತು. ಗಾಳಿಯಿಲ್ಲದ ಮಧ್ಯಾಹ್ನ, ಬೇರೆ ಯಾವ ಎಲೆಯೂ ಅಲುಗದ ಹೊತ್ತಿನಲ್ಲಿ, ಆ ಸಸಿಯೊಂದೇ ಸರಸರ ಅನ್ನುತ್ತಿತ್ತು. ಹಕ್ಕಿಗಳು ಆ ಅಂಗಳಕ್ಕೆ ಇಳಿಯುವುದನ್ನೇ ಬಿಟ್ಟವು.

"ಅವ್ವಾ, ಅದು ಯಾರನ್ನೋ ಕರೀತಿದೆ," ಅಂದಳು ಸಣ್ಣಿ.

"ಸುಮ್ಮನಿರು ಮಗಳೇ, ಎಲೆ ಸದ್ದು ಅದು."

ಮೂರನೆಯ ಗರಿ ಬಂದ ಬೆಳಿಗ್ಗೆ ಸಣ್ಣಿಯ ಬಲಗೈ ಬೆರಳುಗಳು ಮುಚ್ಚಿಕೊಂಡವು. ಎಷ್ಟು ಎಳೆದರೂ ಬಿಚ್ಚಲಿಲ್ಲ. ನಾಲ್ಕನೆಯ ಗರಿ ಬಂದಾಗ ಎಡಗೈಯೂ ಮುಚ್ಚಿತು. ಸಣ್ಣಿ ಅಳಲಿಲ್ಲ. ಅನ್ನ ಕೇಳಲಿಲ್ಲ. ಪಡುವಣ ಗೋಡೆಗೆ ಮುಖ ಮಾಡಿ ಕೂತುಬಿಟ್ಟಳು.

ಕೆಂಚವ್ವ ಸಸಿಯ ಹತ್ತಿರ ಓಡಿ ಕೇಳಿದಳು: "ನಿನಗೇನು ಕಡಿಮೆ ಮಾಡಿದೆ? ನೀರಿದೆ, ಗೊಬ್ಬರವಿದೆ!"

ಸಸಿಯ ಬದಲು ಗಾಳಿ ಮಾತಾಡಿತು. "ಅದರ ಹೊಟ್ಟೆ ತುಂಬಿದೆ, ಕೆಂಚವ್ವ. ಆದರೆ ತಾಯಿ ಹಾಲಿನಲ್ಲಿದ್ದ ಚಿಟಿಕೆಯಷ್ಟು ಏನೋ ಒಂದು ನಿನ್ನ ಮಣ್ಣಿನಲ್ಲಿಲ್ಲ. ಅದಿಲ್ಲದೆ ಗರಿ ಬಿಚ್ಚದು. ಹೋಗು, ಅದರ ತಾಯಿ ಕಡಲನ್ನೇ ಕೇಳು."

ಕೆಂಚವ್ವ ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ಮೂರು ಹಗಲು ನಡೆದಳು. ಕಡಲು ಒಂದು ಅಲೆಯೂ ಇಲ್ಲದೆ ಬಿದ್ದುಕೊಂಡಿತ್ತು.

"ನನ್ನ ಮಗುವನ್ನು ಒಯ್ದವಳು ನೀನೇನಾ?" ಅಂದಿತು ಕಡಲು. "ನಿನ್ನ ಮಗುವನ್ನು ನಾನು ಇಟ್ಟುಕೊಳ್ಳಲೇ?" ನೀರು ಸದ್ದಿಲ್ಲದೆ ಏರಿ ಕೆಂಚವ್ವನ ಸೊಂಟ ಮುಟ್ಟಿತು.

ಕೆಂಚವ್ವ ಓಡಲಿಲ್ಲ. "ತಪ್ಪಾಯಿತು ತಾಯೀ. ಅವತ್ತು ಕೇಳದೆ ಒಯ್ದೆ. ಇವತ್ತು ಕೇಳುತ್ತಿದ್ದೇನೆ. ಎರಡೂ ಮಕ್ಕಳು ಬದುಕಲಿ."

ಕಡಲು ಮೆಲ್ಲಗೆ ಹಿಂದೆ ಸರಿಯಿತು. ಬಂಡೆಯ ಕುಳಿಯಲ್ಲಿ ಬೆಳ್ಳಗೆ ಉಪ್ಪು ಉಳಿದಿತ್ತು.

"ಒಂದೇ ಹಿಡಿ," ಅಂದಿತು. "ಹೆಚ್ಚಾದರೆ ಬೇರು ಸುಟ್ಟೀತು."

ಅವಳು ಮಗಳನ್ನು ಹೊತ್ತು ಮನೆಗೆ ಮರಳಿದಳು, ಒಂದೇ ಹಿಡಿ ತಂದಳು. ಬುಡಕ್ಕೆ ತಾಗದಂತೆ ಸುತ್ತಲೂ ಹಾಕಿ ನೀರೆರೆದಳು. ಕೊಕ್ಕೆಯಾದ ಹಳೆಯ ಗರಿಗಳು ಹಾಗೇ ಉಳಿದವು. ಐದನೆಯದು ಮಾತ್ರ ಬೆರಳು ಬೆರಳಾಗಿ ಬಿಚ್ಚಿಕೊಂಡಿತು. ಅದೇ ಗಳಿಗೆಗೆ ಸಣ್ಣಿ, "ಅವ್ವಾ, ಹಸಿವು!" ಎನ್ನುತ್ತ ಎರಡೂ ಕೈ ಚಾಚಿಕೊಂಡು ಹೊರಗೆ ಓಡಿ ಬಂದಳು.

ನೀನೇ ನೋಡು ಮಗೂ, ಎಳೆ ತೆಂಗಿನ ಮೊದಲ ಗರಿಗಳು ಇವತ್ತಿಗೂ ತಾಯಿ ಕಡಲನ್ನು ನೆನೆದು ಮುಚ್ಚಿಕೊಂಡೇ ಬರುತ್ತವೆ. ಕಡಲನ್ನೇ ಕಾಣದ ಊರಿನವರೂ ಸಸಿ ನೆಡುವ ಗುಂಡಿಗೆ ಒಂದು ಹಿಡಿ ಉಪ್ಪು ಹಾಕುತ್ತಾರೆ.