ದಾನಿ ಮೀನು

“ಶಿಷ್ಯೆ ಕಂಡುಹಿಡಿದದ್ದನ್ನು ಮೇಷ್ಟರು ತಮ್ಮ ಹೆಸರಿನಲ್ಲಿ ಪ್ರಕಟಿಸಿದರೆ ತಪ್ಪೇ ಗುರುಗಳೇ?” ಎಂದು ಶಿಷ್ಯ ಕೇಳಿದ.

ಕೇಳಿದವನು ಹುಡುಗನಲ್ಲ. ಮೀನುಗಾರಿಕೆ ವಿಶ್ವವಿದ್ಯಾಲಯವೊಂದರಲ್ಲಿ ಈಗ ಅವನೇ ಮೇಷ್ಟರು. ತಲೆಗೂದಲು ಅರ್ಧ ಬೆಳ್ಳಗಾಗಿತ್ತು. ಗುರುಗಳ ಎದುರು ಕುಳಿತು ಅವನು ವಿಷಯ ವಿವರಿಸಿದ. ಅವನ ಕೈಕೆಳಗೆ ಸಂಶೋಧನೆ ಮಾಡುವ ಹುಡುಗಿಯೊಬ್ಬಳು, ತೊಟ್ಟಿಯಲ್ಲಿ ಮೊಟ್ಟೆಯೊಡೆದು ಬಂದ ಮೀನುಮರಿಗಳು ಯಾಕೆ ಸಾಯುತ್ತವೆ ಎಂಬುದನ್ನು ಪತ್ತೆ ಹಚ್ಚಿದ್ದಳು. ಬಹಳ ವರ್ಷಗಳಿಂದ ಯಾರಿಗೂ ತಿಳಿಯದೆ ಉಳಿದಿದ್ದ ಸಂಗತಿ. ಅದು ಅವನ ಹೆಸರಿನಲ್ಲಿ ಬಂದರೆ ಅವನು ವಿಭಾಗದ ಮುಖ್ಯಸ್ಥನಾಗುತ್ತಿದ್ದ. ಅವಳ ಹೆಸರಿನಲ್ಲಿ ಬಂದರೆ ಅವಳಿಗೆ ಕೆಲಸ ಸಿಗುತ್ತಿತ್ತು. ಸಿಗದಿದ್ದರೆ ಅವಳು ಊರಿಗೆ ಹೋಗಿ ತಾಯಿಯ ಜೊತೆ ಒಣಮೀನು ಮಾರಬೇಕು.

ಯಾರಿಗೂ ಅನ್ಯಾಯವಾಗದಂತೆ ಅವನು ಒಂದು ದಾರಿ ಯೋಚಿಸಿದ್ದ. ಪ್ರಬಂಧ ತನ್ನ ಹೆಸರಿನಲ್ಲಿ, ಕೊನೆಯ ಸಾಲಿನಲ್ಲಿ ಅವಳಿಗೆ ಕೃತಜ್ಞತೆ. ಅವಳಿನ್ನೂ ಚಿಕ್ಕವಳು, ಬೇರೆ ಏನಾದರೂ ಕಂಡುಹಿಡಿಯುತ್ತಾಳೆ. ಹೇಳಿದಾಗ ತಲೆ ತಗ್ಗಿಸಿ, ಸರಿ ಸರ್ ಎಂದಳಂತೆ.

ಹಿಂದಿನ ವಿದ್ಯಾರ್ಥಿಗಳ ವಿಷಯದಲ್ಲೂ ಹೀಗೆಯೇ ಮಾಡಿದ್ದೆಯಾ ಎಂದು ಗುರುಗಳು ವಿಚಾರಿಸಿದರು. ಮಾಡಿದ್ದೆ, ಯಾರೂ ತಕರಾರು ಎತ್ತಲಿಲ್ಲ ಎಂದ. ಅವರೆಲ್ಲ ಈಗ ಸಂಶೋಧನೆಯನ್ನೇ ಬಿಟ್ಟಿದ್ದರು. ಒಬ್ಬ ವಿಮೆ ಮಾಡಿಸುತ್ತಿದ್ದ, ಇನ್ನೊಬ್ಬ ಮಾವನ ಐಸ್ ಫ್ಯಾಕ್ಟರಿ ನೋಡಿಕೊಳ್ಳುತ್ತಿದ್ದ. ಈಗಿನವರಿಗೆ ತಾಳ್ಮೆ ಸಾಲದು ಎಂದು ಶಿಷ್ಯ ಬೇಸರಪಟ್ಟುಕೊಂಡ. ಹೊಸಬರು ಯಾರೂ ಅವನ ಬಳಿಗೆ ಬರುತ್ತಿರಲಿಲ್ಲ. ಈ ವರ್ಷ ಉಳಿದವಳು ಇವಳೊಬ್ಬಳೇ.

ಆಗ ಗುರುಗಳು ಈ ಕತೆ ಹೇಳಿದರು.

ಒಂದು ನಾಡಿನಲ್ಲಿ ಒಂದು ಹೊಳೆಯಿತ್ತು. ಅದರಲ್ಲಿ ಬೇರೆಲ್ಲೂ ಇಲ್ಲದ ಒಂದು ಜಾತಿಯ ಮೀನಿತ್ತು. ಮಳೆಗಾಲದ ಹೊಸ ನೀರಿಗೆ ಅದು ಹೊಳೆಯ ಮೇಲಕ್ಕೆ ಹತ್ತಿ ಬಂದು ಮೊಟ್ಟೆಯಿಡುತ್ತಿತ್ತು. ನಾಡಿನ ಜನರಿಗೆಲ್ಲ ಆ ಮೀನೆಂದರೆ ಪ್ರಾಣ. ಅದು ಇನ್ನಷ್ಟು ಹೆಚ್ಚಲಿ ಎಂದು ಸರ್ಕಾರ ಹೊಳೆಯ ದಡದಲ್ಲಿ ಒಂದು ವಿದ್ಯಾಲಯ ಕಟ್ಟಿಸಿ, ಒಬ್ಬ ವಿದ್ವಾಂಸನನ್ನು ನೇಮಿಸಿತು.

ವಿದ್ವಾಂಸ ಮೀನನ್ನು ಕೊಳಕ್ಕೆ ತಂದ. ಕೊಳದಲ್ಲಿ ಮೀನು ತಿಂದಿತು, ಬೆಳೆಯಿತು, ಹೊಟ್ಟೆ ತುಂಬ ಮೊಟ್ಟೆ ಕಟ್ಟಿತು. ಆದರೆ ಇಡಲಿಲ್ಲ. ನಿಂತ ನೀರಿನಲ್ಲಿ ಅದಕ್ಕೆ ಮನಸ್ಸು ಬರುತ್ತಿರಲಿಲ್ಲ. ವಿದ್ವಾಂಸ ಬಹಳ ಕಾಲ ಶ್ರಮಪಟ್ಟು ಒಂದು ವಿಧಾನ ಕಂಡುಹಿಡಿದ. ಹೊಳೆಯಲ್ಲಿ ಮೊಟ್ಟೆಯಿಡಲು ಸಿದ್ಧವಾಗಿರುವ ಮೀನನ್ನು ಹಿಡಿದು ಅದರ ತಲೆ ಸೀಳಬೇಕು. ಮಿದುಳಿನ ಕೆಳಗೆ ಸಾಸಿವೆ ಕಾಳಿನಷ್ಟು ಒಂದು ಗ್ರಂಥಿ ಇರುತ್ತದೆ. ಅದನ್ನು ತೆಗೆದು, ಉಪ್ಪುನೀರಿನಲ್ಲಿ ಅರೆದು, ಕೊಳದ ಮೀನಿಗೆ ಚುಚ್ಚಬೇಕು. ಬೆಳಗಾಗುವಷ್ಟರಲ್ಲಿ ಕೊಳದ ಮೀನು ಮೊಟ್ಟೆಯಿಡುತ್ತದೆ.

ವಿಧಾನ ಸುಳ್ಳಾಗಲಿಲ್ಲ. ಕೊಳದ ಮೀನು ಮೊಟ್ಟೆಯಿಟ್ಟಿತು. ನಾಡು ಹಬ್ಬ ಮಾಡಿತು. ತಲೆ ಸೀಳಿಸಿಕೊಂಡ ಮೀನಿಗೆ ವಿದ್ಯಾಲಯ ದಾನಿ ಎಂದು ಹೆಸರಿಟ್ಟಿತು. ಪಾಠಗಳಲ್ಲಿ ದಾನಿಗಳ ಬಗ್ಗೆ ಬಹಳ ಗೌರವದಿಂದ ಬರೆದಿತ್ತು.

ಹೊಳೆಯಿಂದ ದಾನಿಗಳನ್ನು ಹಿಡಿದು ತರಲು ಒಬ್ಬ ಬೆಸ್ತನಿದ್ದ. ಗ್ರಂಥಿ ತೆಗೆದ ಮೇಲೆ ಮೀನು ಅವನದು, ಸಂತೆಯಲ್ಲಿ ಮಾರಿಕೊಳ್ಳಬಹುದಿತ್ತು. ಸಂತೆಯ ಹೆಂಗಸರು ಸೀಳಿದ ತಲೆಯನ್ನು ನೋಡಿ, ಏನಣ್ಣಾ, ನಿನ್ನ ಮೀನೂ ಕಾಲೇಜಿಗೆ ಹೋಗಿ ಬಂತಾ, ತಲೆಯೊಳಗೆ ಏನೂ ಉಳಿದಿಲ್ಲವಲ್ಲ ಎಂದು ನಗುತ್ತಿದ್ದರು. ಬೆಸ್ತನೂ ನಗುತ್ತಿದ್ದ. ಆದರೂ ಒಂದು ದಿನ ಅವನು ವಿದ್ವಾಂಸನನ್ನು ಕೇಳಿಯೇಬಿಟ್ಟ.

“ಸ್ವಾಮಿ, ಇದು ಇವತ್ತೋ ನಾಳೆಯೋ ತಾನೇ ಮೊಟ್ಟೆ ಹಾಕೋ ಮೀನು. ಇದನ್ನ ಕೊಂದು ಇನ್ನೊಂದರ ಕೈಲಿ ಹಾಕಿಸೋದು ಯಾಕೆ?”

“ಹೊಳೆಯಲ್ಲಿ ಹಾಕಿದರೆ ಅದು ಮೀನಿನ ಮೊಟ್ಟೆ ಕಣಯ್ಯ. ಇಲ್ಲಿ ಹಾಕಿದರೆ ನಮ್ಮದು.”

ಬೆಸ್ತನಿಗೆ ಉತ್ತರ ಸರಿಯೆನಿಸಿತು. ಬುಟ್ಟಿ ಎತ್ತಿಕೊಂಡು ಮತ್ತೆ ಹೊಳೆಗೆ ಹೋದ.

ಹುಟ್ಟಿದ ಮರಿಗಳನ್ನು ಊರೂರಿನ ಕೆರೆಗಳಿಗೆ ಹಂಚಿದರು. ಹೆಚ್ಚು ಹಂಚಿದಷ್ಟೂ ವಿದ್ಯಾಲಯದ ಕೀರ್ತಿ ಹೆಚ್ಚಿತು, ಆದ್ದರಿಂದ ಒಂದನ್ನೂ ಉಳಿಸಿಕೊಳ್ಳಲಿಲ್ಲ. ಕೆರೆಗಳಲ್ಲಿ ಮರಿಗಳು ಬೆಳೆದವು, ಜನ ಹಿಡಿದು ತಿಂದರು. ಅಲ್ಲಿಯೂ ನಿಂತ ನೀರೇ. ಯಾವುದೂ ತಾನಾಗಿ ಮೊಟ್ಟೆಯಿಡಲಿಲ್ಲ. ಹೀಗಾಗಿ ಪ್ರತಿ ಮಳೆಗಾಲವೂ ಹೊಳೆಯಿಂದ ಹೊಸ ದಾನಿಗಳು ಬೇಕಾದವು. ವಿದ್ಯಾಲಯಕ್ಕೆ ವಿದ್ಯಾರ್ಥಿಗಳು ತುಂಬಿದರು. ಗ್ರಂಥಿ ತೆಗೆಯಲು ಬಾರದವನಿಗೆ ಪದವಿ ಇಲ್ಲವಾದ್ದರಿಂದ ಪರೀಕ್ಷೆಗೂ ದಾನಿಗಳು ಬೇಕಾದವು. ಕೈ ನಡುಗಿ ಗ್ರಂಥಿ ಒಡೆದವನಿಗೆ ಇನ್ನೊಂದು ಮೀನು ಕೊಡುತ್ತಿದ್ದರು. ಅಷ್ಟು ಉದಾರವಾದ ವಿದ್ಯಾಲಯ ಬೇರೆ ಇರಲಿಲ್ಲ.

ಒಂದು ಮಳೆಗಾಲ ಬೆಸ್ತ ಖಾಲಿ ಬುಟ್ಟಿಯೊಂದಿಗೆ ಬಂದ. ಮರುವರ್ಷವೂ ಹಾಗೆಯೇ. ಹೊಳೆಯಲ್ಲಿ ಆ ಮೀನು ಇರಲಿಲ್ಲ. ವಿದ್ಯಾಲಯ ಕರುಣೆಯಿಂದ ಬೆಸ್ತನಿಗೆ ಕೊಳದ ಕಾವಲು ಕೆಲಸ ಕೊಟ್ಟಿತು.

ವಿದ್ವಾಂಸ ಧೃತಿಗೆಡಲಿಲ್ಲ. ಕೊಳದ ಮೀನುಗಳ ತಲೆಯಲ್ಲೂ ಗ್ರಂಥಿ ಇತ್ತು. ಅರ್ಧ ಮೀನುಗಳ ತಲೆ ಸೀಳಿ ಉಳಿದರ್ಧಕ್ಕೆ ಚುಚ್ಚಿದ. ಮೊಟ್ಟೆ ಬಂದವು, ಮರಿ ಬಂದವು, ಎಲ್ಲವನ್ನೂ ಹಂಚಿದರು. ಮುಂದಿನ ಮಳೆಗಾಲಕ್ಕೆ ಆ ಅರ್ಧದಲ್ಲಿ ಅರ್ಧ. ಕೆರೆಗಳಲ್ಲಿದ್ದುದನ್ನು ಜನ ತಿಂದು ಮುಗಿಸಿದ್ದರು. ಕೊನೆಗೊಂದು ಮಳೆಗಾಲ ಕೊಳದಲ್ಲಿ ಉಳಿದದ್ದು ಒಂದು ಗಂಡು, ಒಂದು ಹೆಣ್ಣು.

ಆ ವರ್ಷವೇ ರಾಜಧಾನಿಯಿಂದ ಅಧಿಕಾರಿಗಳು ಪ್ರಯೋಗ ನೋಡಲು ಬಂದರು. ಮೊಟ್ಟೆ ತೋರಿಸದಿದ್ದರೆ ವಿದ್ಯಾಲಯ ಮುಚ್ಚುವುದೆಂದು ತೀರ್ಮಾನವಾಗಿತ್ತು. ಹೆಣ್ಣುಮೀನಿನ ಹೊಟ್ಟೆ ತುಂಬ ಮೊಟ್ಟೆಯಿತ್ತು. ಅದು ಇಡಬೇಕಾದರೆ ಒಂದು ಗ್ರಂಥಿ ಬೇಕು. ಆ ಹೆಣ್ಣನ್ನು ಬಿಟ್ಟರೆ ಲೋಕದಲ್ಲಿ ಉಳಿದ ಒಂದೇ ಗ್ರಂಥಿ ಆ ಗಂಡಿನ ತಲೆಯಲ್ಲಿತ್ತು. ಎರಡನ್ನೂ ಹೊಳೆಗೆ ಬಿಟ್ಟುಬಿಡೋಣ ಸ್ವಾಮಿ ಎಂದು ಬೆಸ್ತ ಮೆಲ್ಲಗೆ ಹೇಳಿದ. ವಿದ್ವಾಂಸ ಅವನಿಗೆ ಗಂಡುಮೀನನ್ನು ಅಲುಗದಂತೆ ಹಿಡಿದುಕೋ ಎಂದ.

“ಗಂಡನ್ನು ಕೊಂದನೇ?” ಶಿಷ್ಯನ ಸ್ವರ ಏರಿತ್ತು.

“ಕೊಂದ. ವಿಧಾನದಲ್ಲಿ ಇದ್ದದ್ದೇ ಹಾಗೆ” ಎಂದು ಗುರುಗಳು ಮುಂದುವರಿಸಿದರು.

ಮರುದಿನ ಬೆಳಿಗ್ಗೆ ಹೆಣ್ಣುಮೀನು ಮೊಟ್ಟೆಯಿಟ್ಟಿತು. ತೊಟ್ಟಿ ತುಂಬಿತು. ಬೆಂದ ಸಬ್ಬಕ್ಕಿಯಂತೆ ತಿಳಿಯಾದ ಮೊಟ್ಟೆಗಳು. ಅಧಿಕಾರಿಗಳು ಬಗ್ಗಿ ನೋಡಿ ಚಪ್ಪಾಳೆ ತಟ್ಟಿದರು. ವಿದ್ವಾಂಸನಿಗೆ ಶಾಲು ಹೊದಿಸಿ, ಊಟ ಮಾಡಿ ಹೊರಟುಹೋದರು. ಸಂಜೆಯ ಹೊತ್ತಿಗೆ ಮೊಟ್ಟೆಗಳು ಹಸಿ ಸಬ್ಬಕ್ಕಿಯಂತೆ ಬೆಳ್ಳಗಾದವು. ಗಂಡಿಲ್ಲದೆ ಇಟ್ಟ ಮೊಟ್ಟೆಗಳು. ಎಲ್ಲವೂ ಸತ್ತಿದ್ದವು.

ವಿದ್ವಾಂಸ ಶಾಲು ಹೊದ್ದುಕೊಂಡೇ ತೊಟ್ಟಿಯ ಪಕ್ಕ ಕುಳಿತ. ನೀರು ಬದಲಿಸು ಎಂದ. ಬೆಸ್ತ ಬದಲಿಸಿದ. ಸ್ವಲ್ಪ ಹೊತ್ತು ಬಿಟ್ಟು, ಮತ್ತೆ ಬದಲಿಸು ಎಂದ. ಬೆಸ್ತ ಮತ್ತೆ ಬದಲಿಸಿದ. ಅವರ ಬೆನ್ನ ಹಿಂದಿನ ಕೊಳದಲ್ಲಿ ಹೆಣ್ಣುಮೀನು ಒಂಟಿಯಾಗಿ ಸುತ್ತುತ್ತಿತ್ತು.

ಪ್ರಯೋಗ ಯಶಸ್ವಿಯಾಯಿತೆಂದು ಅಧಿಕಾರಿಗಳು ವರದಿ ಕೊಟ್ಟರು. ಅದರಲ್ಲಿ ಸುಳ್ಳಿಲ್ಲ. ಮೊಟ್ಟೆಯಿಡಿಸುವ ಆ ವಿಧಾನ ಕೊನೆಯ ಮೀನಿನವರೆಗೂ ಒಮ್ಮೆಯೂ ತಪ್ಪಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಎಂಥ ಮೂರ್ಖ ಆ ವಿದ್ವಾಂಸ, ಉಳಿದ ಒಂದೇ ಗಂಡನ್ನೂ ಬಿಡಲಿಲ್ಲವಲ್ಲ ಎಂದ ಶಿಷ್ಯ. ಆಮೇಲೆ ತನ್ನ ಮಾತು ತನಗೇ ಕೇಳಿಸಿದಂತೆ ಗಡಬಡಿಸಿ, ನಾನು ಯಾರನ್ನೂ ಕೊಲ್ಲುತ್ತಿಲ್ಲ ಗುರುಗಳೇ, ಕೃತಜ್ಞತೆಯನ್ನು ಚೆನ್ನಾಗಿಯೇ ಬರೆಯುತ್ತೇನೆ ಎಂದು ಸೇರಿಸಿದ.

ಅದಕ್ಕೆ ಗುರುಗಳು ಕೇಳಿದ್ದು ಒಂದೇ ಮಾತು.

“ಬರೆ. ಇವಳಾದ ಮೇಲೆ ಯಾರ ತಲೆ?”