ನೇಕಾರ ಹುಡುಕಿದ ಮದುವೆಯ ಜಾಗ

"ಗುರುಗಳೇ, ಅಣ್ಣನ ಜೊತೆ ಮಾತು ಬಿಟ್ಟು ಆರು ವರ್ಷವಾಯಿತು. ಈಗ ರಾಜಿಯಾಗಬೇಕು ಅನ್ನಿಸಿದೆ. ಅದಕ್ಕೆ ಯಾವ ದಿನ ಒಳ್ಳೆಯದು, ಯಾವ ಜಾಗ ಒಳ್ಳೆಯದು?"

ಹೀಗೆ ಕೇಳಿದವನು ಚೆನ್ನವೀರನೆಂಬ ಶಿಷ್ಯ. ಅಣ್ಣ ಇದ್ದದ್ದು ಹೊಳೆಯಾಚೆಯ ಊರಿನಲ್ಲಿ, ಅರ್ಧ ಗಂಟೆಯ ನಡಿಗೆ. ಯುಗಾದಿ ಕಳೆಯಲಿ, ಹೊಳೆಯ ದಂಡೆಯಲ್ಲಿ ಒಂದು ಊಟ ಇಟ್ಟುಕೊಳ್ಳೋಣ, ನಾಲ್ಕು ಜನ ಹಿರಿಯರು ಬರಲಿ ಎಂದು ಯೋಚಿಸುತ್ತಲೇ ಅವನು ಆರು ಯುಗಾದಿ ಕಳೆದಿದ್ದ. ಗುರುಗಳು ದಿನವನ್ನೂ ಹೇಳಲಿಲ್ಲ, ಜಾಗವನ್ನೂ ಹೇಳಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಅದೇ ಊರಿನ ಗಾಣಿಗನ ಮಗಳು ವಾರಕ್ಕೊಮ್ಮೆ ನೇಕಾರರ ಬೀದಿಗೆ ಎಣ್ಣೆ ಮಾರಲು ಬರುತ್ತಿದ್ದಳು. ಎಣ್ಣೆ ಅಳೆಯುತ್ತ ಅಳೆಯುತ್ತ ಇಬ್ಬರಿಗೂ ಮನಸ್ಸಾಯಿತು. ಮದುವೆಗೆ ತಂತಮ್ಮ ಮನೆಯಲ್ಲಿ ಕೇಳಿದರು. "ಎಣ್ಣೆ ಬಿದ್ದ ಬಟ್ಟೆ ಯಾರಿಗೆ ಬೇಕು?" ಎಂದ ನೇಕಾರನ ಅಪ್ಪ. ಗಾಣಿಗ ಅಷ್ಟೂ ಮಾತಾಡಲಿಲ್ಲ. ಪಕ್ಕದ ಊರಿನಲ್ಲಿ ಒಂದು ಗಂಡು ನೋಡಿ, ಶ್ರಾವಣದ ಮೊದಲ ಸೋಮವಾರ ತಾಂಬೂಲ ಬದಲಿಸುವುದೆಂದು ಮಾತು ಕೊಟ್ಟು ಬಂದ.

ಆಗಷ್ಟೇ ಆಷಾಢ ಹುಟ್ಟಿತ್ತು. ಆಷಾಢದಲ್ಲಿ ಯಾರೂ ಮದುವೆಯ ಮಾತೆತ್ತುವುದಿಲ್ಲ. ಹುಡುಗಿ ಅದನ್ನೇ ಹಿಡಿದಳು. "ಈ ತಿಂಗಳು ನಮ್ಮ ಮೇಲೆ ಯಾರಿಗೂ ಅನುಮಾನ ಬರೋದಿಲ್ಲ. ಊರು ಬಿಟ್ಟು ಎಲ್ಲಾದರೂ ಬೆಟ್ಟದ ಕಡೆ ಹೋಗೋಣ. ಅಲ್ಲೇ ಮದುವೆಯಾಗೋಣ. ಜಾಗ ನೀನು ನೋಡು" ಎಂದಳು.

ನೇಕಾರನಿಗೆ ನೆಲ ಕಾಣಲಿಲ್ಲ, ಅಷ್ಟು ಸಂತೋಷ. ಓಡಿಹೋಗಿ ಆಗುವ ಮದುವೆಯೆಂದು ಹೇಗೆಂದರೆ ಹಾಗೆ ಆಗಬಾರದು, ಅವಳು ಮುಪ್ಪಿನವರೆಗೂ ನೆನೆಯುವಂತಿರಬೇಕು ಎಂದುಕೊಂಡ. ಮಗ್ಗದಲ್ಲಿ ಒಂದು ಎಳೆ ಸಡಿಲವಾದರೆ ಗೇಣುದ್ದ ಬಿಚ್ಚಿ ಮತ್ತೆ ನೇಯುವ ಜಾತಿಯವನು ಅವನು. ಮದುವೆಯ ಜಾಗವನ್ನೂ ಹಾಗೇ ನೋಡತೊಡಗಿದ.

ಮೊದಲು ಜಲಪಾತದ ಬುಡಕ್ಕೆ ಹೋದ. ಸೊಗಸಾಗಿತ್ತು, ಆದರೆ ತನ್ನ ಮಾತು ತನಗೇ ಕೇಳಿಸಲಿಲ್ಲ. ಬೆಟ್ಟದ ನೆತ್ತಿಗೆ ಹತ್ತಿದ. ಆಷಾಢದ ಗಾಳಿ ಅವನ ರುಮಾಲನ್ನು ಹೊತ್ತುಕೊಂಡು ಹೋಯಿತು. ಮದುವೆಯ ದೀಪದ ಗತಿಯೇನು ಎಂದು ಇಳಿದು ಬಂದ. ತಾವರೆಯ ಕೆರೆ ಕಂಡಿತು. ನೋಡುತ್ತಿದ್ದಂತೆ ಹದಿನಾರು ಎಮ್ಮೆಗಳು ಇಳಿದು ತಾವರೆಯ ನಡುವೆ ಮಲಗಿದವು. ಹೀಗೆ ಮೀನಮೇಷ ಎಣಿಸುತ್ತ ಅವನು ಹನ್ನೊಂದು ಜಾಗ ನೋಡಿದ. ಪ್ರತಿ ವಾರ ಹುಡುಗಿ ಬಂದಾಗಲೂ ಹೊಸ ಜಾಗದ ವರ್ಣನೆ ಮಾಡಿದ. ಅವಳು ಎಣ್ಣೆ ಅಳೆದು ಕೊಟ್ಟು ಸುಮ್ಮನೆ ಹೋಗುತ್ತಿದ್ದಳು.

ಹನ್ನೆರಡನೆಯದು ಮನಸ್ಸಿಗೆ ಬಂತು. ಚಪ್ಪಟೆಯಾದ ಹಾಸುಬಂಡೆ, ಪಕ್ಕದಲ್ಲಿ ನೆರಳಿಗೊಂದು ಹೊನ್ನೆಮರ, ದೂರದಲ್ಲಿ ಬೆಳ್ಳಗೆ ಬೀಳುವ ನೀರು. ಆಷಾಢ ಮುಗಿಯಲು ಮೂರೇ ದಿನ ಉಳಿದಿತ್ತು, ಶ್ರಾವಣ ಹುಟ್ಟುವುದೇ ಸೋಮವಾರ. ಹುಡುಗಿ ಬಂದಾಗ ಹೇಳಿದ.

"ನಾನೆಲ್ಲಿ ನಿಲ್ಲಬೇಕು?" ಎಂದು ಅವಳು ಕೇಳಿದಳು.

"ಗಂಡು ಪೂರ್ವಕ್ಕೆ ಮುಖ ಮಾಡಿ ನಿಲ್ಲಬೇಕು ಅಂತಾರೆ ಹಿರಿಯರು. ನೀನು ನನ್ನೆದುರಿಗೆ."

"ನೀರು ಬೀಳೋದು ಯಾವ ಕಡೆ?"

"ಪೂರ್ವಕ್ಕೆ."

"ಹಾಗಾದರೆ ನನ್ನ ಬೆನ್ನಿಗೆ" ಎಂದಳು ಅವಳು. "ಅಮಾವಾಸ್ಯೆಯ ಬೆಳಿಗ್ಗೆ ನಾನು ಆ ಬಂಡೆಗೆ ಬರುತ್ತೇನೆ. ಆಮೇಲೆ ನನ್ನ ಕೈಯಲ್ಲಿ ಏನೂ ಇಲ್ಲ." ಎಣ್ಣೆಯ ಗಡಿಗೆ ಎತ್ತಿಕೊಂಡು ಹೊರಟುಹೋದಳು.

ನೇಕಾರ ಹಣೆ ಚಚ್ಚಿಕೊಂಡ. ಅವಳಿಗೆ ನೀರು ಕಾಣುವುದಿಲ್ಲ ಎಂಬುದೇ ಅವಳ ಬೇಸರ ಎಂದು ತಿಳಿದ. ಎರಡು ದಿನ ಮಗ್ಗ ಮುಟ್ಟಲಿಲ್ಲ. ಎರಡೂ ದಿಕ್ಕಿಗೆ ಜಲಪಾತವಿರುವ ಜಾಗವನ್ನು ಹುಡುಕುತ್ತ ಕಾಡೆಲ್ಲ ಅಲೆದ. ದೇವರು ಅಂಥ ಜಾಗವನ್ನು ಆ ಸೀಮೆಯಲ್ಲಿ ಮಾಡಿರಲಿಲ್ಲ.

ಅಮಾವಾಸ್ಯೆಯ ಬೆಳಿಗ್ಗೆ ಅವನು ಸೋತು ಅದೇ ಬಂಡೆಯ ಮೇಲೆ ನಿಂತಿದ್ದ. ಮುಖ ನೀರಿನ ಕಡೆಗಿತ್ತು. ಹಿಂದೆ ಬಳೆಯ ಸದ್ದಾಯಿತು. ತಿರುಗದೆಯೇ ಹೇಳಿದ: "ಇನ್ನೊಂದು ಜಲಪಾತ ಸಿಗಲಿಲ್ಲ ಕಣೇ. ಇನ್ನೆರಡು ದಿನ ಕೊಡು."

"ಮದುವೆ ಅದರ ಜೊತೆಗೋ, ನನ್ನ ಜೊತೆಗೋ? ಈ ಕಡೆ ತಿರುಗು" ಎಂದಳು.

ತಿರುಗಿದ. ಅವಳ ಕಣ್ಣು ಅತ್ತು ಊದಿದ್ದವು. ಕೆನ್ನೆ ಒಳಗೆ ಹೋಗಿತ್ತು. ತಿಂಗಳಿಡೀ ಅವಳಿಗಾಗಿ ಜಾಗ ನೋಡಿದ್ದ ಅವನು, ಅವಳು ಸೊರಗಿದ್ದನ್ನು ನೋಡಿರಲಿಲ್ಲ. ಅವನಿಗೆ ನಾಚಿಕೆಯೂ ಆಯಿತು, ಹೆದರಿಕೆಯೂ ಆಯಿತು. ಇನ್ನೊಂದು ದಿನ ಕಳೆದಿದ್ದರೆ ಇವಳು ಬೇರೆಯವರ ಮನೆಯ ಸೊಸೆ.

ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಅರಿಶಿನದ ದಾರ ತೆಗೆದ. ಅದು ಅವನೇ ಹೊಸೆದ ನೂಲು. ಹತ್ತಿರ ಹುಲ್ಲು ಕೊಯ್ಯುತ್ತಿದ್ದ ಮುದುಕಿಯೊಬ್ಬಳು ಕುಡುಗೋಲು ಕೆಳಗಿಟ್ಟು ಬಂದಳು. "ಗಂಡು ಪಡುವಣಕ್ಕೆ ಮುಖ ಮಾಡಿ ನಿಂತಿದೆಯಲ್ಲಪ್ಪಾ" ಎಂದಳು. ಇಬ್ಬರಿಗೂ ಅದು ಕೇಳಿಸಲಿಲ್ಲ, ಅವನು ಅವಳ ಕೊರಳಿಗೆ ದಾರ ಕಟ್ಟಿದ. ಅಕ್ಷತೆಯಿರಲಿಲ್ಲ, ಮುದುಕಿ ಬೊಗಸೆ ತುಂಬ ತುಂಬೆಹೂ ಕಿತ್ತು ಇಬ್ಬರ ತಲೆಯ ಮೇಲೂ ಹಾಕಿದಳು. ಮದುವೆಯಾಯಿತು.

ಊರಿನಲ್ಲಿ ಒಂದಷ್ಟು ದಿನ ಕೂಗಾಟ ನಡೆಯಿತು. ದೀಪಾವಳಿ ಬಂದಾಗ ಗಾಣಿಗನಿಗೆ ತಡೆಯಲಾಗಲಿಲ್ಲ. ಹೊಸ ಅಳಿಯನನ್ನು ಕರೆಸಿ, ತಾನೇ ತಲೆಗೆ ಎಣ್ಣೆಯೊತ್ತಿದ. ಆ ಜಲಪಾತ ಹೇಗಿತ್ತೆಂದು ನೆರೆಯ ಹೆಂಗಸರು ಮಗಳನ್ನು ಕೇಳಿದರು. ತಾಳಿ ಕಟ್ಟುವಾಗ ಅದು ಅವಳ ಎದುರಿಗೇ ಇತ್ತು. "ಯಾವ ಜಲಪಾತ?" ಎಂದಳು ಅವಳು.

ಗುರುಗಳು ಕತೆ ನಿಲ್ಲಿಸಿದರು. ಚೆನ್ನವೀರನಿಗೆ ನಗು ತಡೆಯಲಾಗಲಿಲ್ಲ. "ಎಂಥ ದಡ್ಡ ನೇಕಾರ, ಗುರುಗಳೇ. ಜಾಗ ನೋಡುವುದರಲ್ಲಿ ಹುಡುಗಿಯನ್ನೇ ಕಳೆದುಕೊಳ್ಳುತ್ತಿದ್ದನಲ್ಲ" ಎಂದ.

ಗುರುಗಳೂ ನಕ್ಕರು. "ಅದಿರಲಿ ಚೆನ್ನವೀರ, ನಿನ್ನ ಅಣ್ಣನ ತಲೆ ಈಗ ನರೆತಿದೆಯೋ, ಇನ್ನೂ ಕಪ್ಪಗಿದೆಯೋ?"

ಚೆನ್ನವೀರನಿಗೆ ಗೊತ್ತಿರಲಿಲ್ಲ.